ಮೀನಿನ ತೊಟ್ಟಿಗೆ ಹೊಸ ದೀಪ, ಹಳೆಯ ಟ್ಯೂಬಿಗೆ ಎಲ್ಲಿ ಜಾಗ?

ಮಾನ್ಯ ಸಂಪಾದಕರೇ,

ಮನೆಯಲ್ಲಿ ಮೀನು ಸಾಕುವವರು ಈಗ ತೊಟ್ಟಿಯ ಟ್ಯೂಬ್‌ಲೈಟ್ ಕಳಚಿ ಎಲ್‌ಇಡಿ ದೀಪ ಹಾಕಿಸುತ್ತಿದ್ದಾರೆ. ಇದು ಒಳ್ಳೆಯ ಬದಲಾವಣೆಯೇ. ಆದರೆ ದೀಪ ಕೊಳ್ಳುವ ಹೊತ್ತಿಗೆ ಗಿರಾಕಿಗೆ ತಿಳಿಯಲೇಬೇಕಾದ ಎರಡು ಸಂಗತಿಗಳಿವೆ: ಹೊಸ ದೀಪ ಎಷ್ಟು ಪ್ರಖರವಾಗಿರಬೇಕು ಮತ್ತು ಕಳಚಿದ ಟ್ಯೂಬನ್ನು ಏನು ಮಾಡಬೇಕು. ಎರಡೂ ನನಗೆ ತಿಳಿದದ್ದು ತಡವಾಗಿ. ನನ್ನಂತೆ ಇನ್ನೊಬ್ಬರಿಗೆ ಆಗದಿರಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಮನೆಯ ತೊಟ್ಟಿ ನಾಲ್ಕು ಅಡಿ ಉದ್ದದ್ದು, ಸುಮಾರು 200 ಲೀಟರ್ ನೀರು ಹಿಡಿಯುತ್ತದೆ. ಏಂಜಲ್ ಮೀನುಗಳೂ ವ್ಯಾಲಿಸ್ನೇರಿಯಾ ಗಿಡಗಳೂ ಹನ್ನೊಂದು ವರ್ಷ 36 ವ್ಯಾಟ್‌ನ ಒಂದೇ ಟ್ಯೂಬಿನ ಬೆಳಕಿನಲ್ಲಿ ಚೆನ್ನಾಗಿಯೇ ಇದ್ದವು. ಕಳೆದ ಮಳೆಗಾಲದ ಆರಂಭದಲ್ಲಿ ಚೋಕ್ ಸುಟ್ಟುಹೋದಾಗ ಎಲ್‌ಇಡಿ ತರಲು ಅಂಗಡಿಗೆ ಹೋದೆ. ‘ಹಳೆಯದು 36 ವ್ಯಾಟ್ ಅಲ್ಲವಾ, ಇದೂ 36 ವ್ಯಾಟಿನದ್ದೇ ಹಾಕಿ ಸಾರ್’ ಎಂದರು ಅಂಗಡಿಯವರು. ನನಗೂ ಅದು ಸರಿಯೆನಿಸಿತು. ಹಿಂದಿನ ರೂಢಿಯಂತೆ ದಿನಕ್ಕೆ ಹತ್ತು ಗಂಟೆ ಉರಿಸಿದೆ.

ಮೂರನೆಯ ವಾರಕ್ಕೆ ಗಾಜಿನ ಒಳಮೈ ಹಸಿರಾಯಿತು. ಉಜ್ಜಿ ತೆಗೆದರೆ ಎರಡೇ ದಿನದಲ್ಲಿ ಮತ್ತೆ ಬರುತ್ತಿತ್ತು. ವ್ಯಾಲಿಸ್ನೇರಿಯಾದ ಎಲೆಗಳಿಗೆ ಕೂದಲಿನಂಥ ಪಾಚಿ ಸುತ್ತಿಕೊಂಡಿತು, ಆಮೇಲೆ ನೀರೇ ಹಸಿರಾಗಿ ಹಿಂದಿನ ಗೋಡೆ ಕಾಣದಂತಾಯಿತು. ಹಗಲು ಆಮ್ಲಜನಕ ಕೊಡುವ ಪಾಚಿ ರಾತ್ರಿ ತಾನೂ ಅದನ್ನೇ ಉಸಿರಾಡುತ್ತದೆ. ಮಳೆಗಾಳಿಗೆ ಇಡೀ ರಾತ್ರಿ ಕರೆಂಟ್ ಹೋಗಿ ಏರ್ ಪಂಪ್ ನಿಂತಿದ್ದ ಒಂದು ಬೆಳಿಗ್ಗೆ, ಮೀನುಗಳೆಲ್ಲ ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಎರಡು ಏಂಜಲ್‌ಗಳು ಆಗಲೇ ಮಗ್ಗುಲಾಗಿ ತೇಲುತ್ತಿದ್ದವು. ಅಂಗೈ ಅಗಲಕ್ಕೆ ಬೆಳೆದು, ಆಹಾರದ ಡಬ್ಬಿಯ ಸದ್ದಿಗೆ ಮುಂದೆ ಬರುತ್ತಿದ್ದ ಮೀನುಗಳು ಅವು.

ಕಾರಣ ತಿಳಿದ ಮೇಲೆ ಬಹಳ ಸರಳವೆನಿಸಿತು. ವ್ಯಾಟ್ ಎಂಬುದು ದೀಪ ಎಷ್ಟು ವಿದ್ಯುತ್ ಎಳೆಯುತ್ತದೆ ಎಂಬುದರ ಲೆಕ್ಕವೇ ಹೊರತು ಎಷ್ಟು ಬೆಳಕು ಕೊಡುತ್ತದೆ ಎಂಬುದರ ಲೆಕ್ಕವಲ್ಲ. ಟ್ಯೂಬಿನ ಬೆಳಕು ಸುತ್ತಲೂ ಹರಡುತ್ತದೆ, ಅದರಲ್ಲಿ ಒಂದು ಪಾಲು ಮುಚ್ಚಳದಲ್ಲೇ ಕಳೆದುಹೋಗುತ್ತದೆ. ಎಲ್‌ಇಡಿ ಒಂದು ವ್ಯಾಟಿಗೆ ಟ್ಯೂಬಿಗಿಂತ ಹೆಚ್ಚು ಬೆಳಕು ಕೊಡುವುದಲ್ಲದೆ, ಬಹುಪಾಲು ಬೆಳಕನ್ನು ನೇರವಾಗಿ ಕೆಳಗೆ, ನೀರಿಗೇ ಸುರಿಯುತ್ತದೆ. ಹೆಚ್ಚಾದ ಆ ಬೆಳಕಿಗೇ ಪಾಚಿ ಬೆಳೆದದ್ದು; ನಮ್ಮ ತೊಟ್ಟಿಗೆ 20 ವ್ಯಾಟ್ ಸಾಕಾಗಿತ್ತು. ಈಗ ಅಷ್ಟನ್ನೇ ಹಾಕಿ, ಟೈಮರ್ ಜೋಡಿಸಿ, ಮೊದಲು ಆರು ಗಂಟೆ, ಗಿಡಗಳು ಚೇತರಿಸಿಕೊಂಡ ಮೇಲೆ ಏಳು ಗಂಟೆ ಉರಿಸುತ್ತಿದ್ದೇನೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುತ್ತಾ ಬಂದೆ. ಯಾವ ಔಷಧವೂ ಇಲ್ಲದೆ ಪಾಚಿ ಇಳಿಯಿತು. ಚೋಕ್ ಸೇರಿ ತಿಂಗಳಿಗೆ ಸುಮಾರು 14 ಯೂನಿಟ್ ಸುಡುತ್ತಿದ್ದ ದೀಪದ ಜಾಗದಲ್ಲಿ ಈಗ ನಾಲ್ಕು ಯೂನಿಟ್ ಸಾಕಾಗುತ್ತಿದೆ.

ಆದ್ದರಿಂದ ಅಂಗಡಿಯವರಲ್ಲಿ ನನ್ನ ವಿನಂತಿ ಇಷ್ಟು: ವ್ಯಾಟ್ ಜೊತೆಗೆ ಲ್ಯೂಮೆನ್, ಅಂದರೆ ದೀಪ ಕೊಡುವ ಬೆಳಕಿನ ಅಳತೆ, ಎಷ್ಟೆಂದು ತಿಳಿಸಿ, ತೊಟ್ಟಿಯ ಅಳತೆಯನ್ನೂ ಗಿಡಗಳಿವೆಯೇ ಎಂಬುದನ್ನೂ ಕೇಳಿ ದೀಪ ಕೊಡಿ. ಗಿಡಗಳಿದ್ದರೆ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಆಸುಪಾಸಿನ ಬಿಳಿ ಬೆಳಕು ಹೊಂದುತ್ತದೆ; ಹವಳದ ತೊಟ್ಟಿಗೆಂದು ತಯಾರಾದ ಕಡುನೀಲಿ ದೀಪ ಸಿಹಿನೀರಿನ ತೊಟ್ಟಿಗೆ ಬೇಕಿಲ್ಲ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಲೋಹದ ಸಂಧಿಗಳು ಬೇಗ ತುಕ್ಕು ಹಿಡಿಯುವುದರಿಂದ ನೀರು ಒಳಹೋಗದ ಐಪಿ 67 ದರ್ಜೆಯ ದೀಪವನ್ನೇ ಕೊಡುವುದು ಕ್ಷೇಮ.

ಎರಡನೆಯ ಸಂಗತಿ ನನ್ನನ್ನು ಹೆಚ್ಚು ಕಾಡಿದೆ. ಕಳಚಿದ ಟ್ಯೂಬನ್ನು ನಾನು ಒಣ ಕಸದ ಜೊತೆ ಕೊಟ್ಟುಬಿಟ್ಟೆ. ಕಸ ಒಯ್ಯಲು ಬಂದ ಅಕ್ಕ ಅದು ಚೀಲದಲ್ಲಿ ಹಿಡಿಸದೆ ಗಾಡಿಯ ಅಂಚಿಗೆ ತಟ್ಟಿ ಎರಡು ತುಂಡು ಮಾಡಿದರು. ಟಪ್ಪೆಂದು ಸದ್ದಾಯಿತು, ಬಿಳಿ ಪುಡಿ ಅವರ ಬರಿಗೈ ಮೇಲೂ ಸೀರೆಯ ಮೇಲೂ ಬಿತ್ತು, ಅವರು ಕೈ ಕೊಡವಿಕೊಂಡು ಮುಂದಿನ ಮನೆಗೆ ನಡೆದರು. ತಪ್ಪು ಅವರದ್ದಲ್ಲ, ಕೊಟ್ಟ ನನ್ನದು. ಪ್ರತಿ ಟ್ಯೂಬಿನಲ್ಲೂ ಕೆಲವು ಮಿಲಿಗ್ರಾಂ ಪಾದರಸವಿರುತ್ತದೆ; ಒಡೆದ ಕ್ಷಣ ಅದರ ಆವಿ ಹೊರಬರುತ್ತದೆ. ಮಣ್ಣು ನೀರು ಸೇರಿದ ಪಾದರಸ ಕೊನೆಗೆ ಮೀಥೈಲ್ ಪಾದರಸವೆಂಬ ಹೆಚ್ಚು ವಿಷಕಾರಿ ರೂಪ ತಾಳಿ ಮೀನಿನ ಮೈಯಲ್ಲಿ ಕೂಡಿಕೊಳ್ಳುತ್ತದೆ. ಜಪಾನಿನ ಮಿನಾಮಾಟದಲ್ಲಿ 1956ರಲ್ಲಿ ಬೆಳಕಿಗೆ ಬಂದ ರೋಗ ಕಾರ್ಖಾನೆಯೊಂದರ ಪಾದರಸ ಸೇರಿದ ಕೊಲ್ಲಿಯ ಮೀನು ತಿಂದವರದ್ದು. ನೇತ್ರಾವತಿ, ಫಲ್ಗುಣಿ ನದಿಗಳು ಕಡಲು ಸೇರುವ ಕಡೆ, ದಿನಾ ಮೀನು ಉಣ್ಣುವ ಊರಿನಲ್ಲಿ ಇದನ್ನು ಹಗುರವಾಗಿ ಕಾಣುವಂತಿಲ್ಲ.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಲ್ಲಿ ಪಾದರಸವಿರುವ ದೀಪಗಳೂ ಸೇರಿವೆ. ಪಾದರಸದ ಕುರಿತ ಮಿನಾಮಾಟ ಒಪ್ಪಂದದ ದೇಶಗಳು ಇಂಥ ಟ್ಯೂಬುಗಳ ತಯಾರಿಕೆಯನ್ನೇ 2027ರೊಳಗೆ ನಿಲ್ಲಿಸಲು ಒಪ್ಪಿವೆ. ಅಂದರೆ ಮುಂದಿನ ಒಂದೆರಡು ವರ್ಷಗಳಲ್ಲಿ ಮೀನಿನ ತೊಟ್ಟಿಗಳಿಂದ ಮಾತ್ರವಲ್ಲ, ಮನೆ, ಅಂಗಡಿ, ಶಾಲೆಗಳಿಂದಲೂ ಹಳೆಯ ಟ್ಯೂಬುಗಳು ರಾಶಿಯಾಗಿ ಹೊರಬೀಳಲಿವೆ. ಹೊಸ ದೀಪ ಮಾರುವ ಅಂಗಡಿಯಲ್ಲೇ ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ಇಟ್ಟು, ಹಳೆಯದನ್ನು ಒಡೆಯದಂತೆ ಪಡೆದು ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸುವ ಏರ್ಪಾಡು ಆಗಬೇಕು. ಸ್ಥಳೀಯ ಆಡಳಿತ ವಾರ್ಡಿಗೊಂದು ಸಂಗ್ರಹ ಸ್ಥಳ ಗೊತ್ತುಮಾಡಿ ಪ್ರಕಟಿಸಿದರೆ ಇನ್ನೂ ಉತ್ತಮ.

ನಮ್ಮ ಮನೆಯ ಅಟ್ಟದಲ್ಲಿ ಹಿಂದಿನ ವರ್ಷಗಳ ಇನ್ನೂ ಮೂರು ಸುಟ್ಟ ಟ್ಯೂಬುಗಳು ನಿಮ್ಮದೇ ಪತ್ರಿಕೆಯ ಹಾಳೆಗಳಲ್ಲಿ ಸುತ್ತಿ ಇಟ್ಟಂತೆಯೇ ಇವೆ. ಅವನ್ನು ಎಲ್ಲಿಗೆ ತಲುಪಿಸಬೇಕೆಂದು ಸಂಬಂಧಪಟ್ಟವರು ಈ ಅಂಕಣದ ಮೂಲಕವೇ ತಿಳಿಸಿದರೆ ನಾನೇ ಒಯ್ದು ಕೊಡುತ್ತೇನೆ.

ಇತಿ,
ಓರ್ವ ಓದುಗ
ಬಿಜೈ, ಮಂಗಳೂರು