ನೂಲಿನ ಎಳೆಗಳಲ್ಲಿ ತೋರಿಸಿಕೊಟ್ಟವರಿಗೆ

ಜೀವಶಾಸ್ತ್ರ ಪರೀಕ್ಷೆಯ ಹಿಂದಿನ ಸಂಜೆ ಗ್ರಂಥಾಲಯದಲ್ಲಿ ಸೋದರಿ ಕ್ರೊಮ್ಯಾಟಿಡ್‌ಗಳನ್ನೂ ಸಮರೂಪಿ ವರ್ಣತಂತುಗಳನ್ನೂ (ವರ್ಣತಂತು ಎಂದರೆ ಜೀವಕೋಶದೊಳಗೆ ಜೀನ್‌ಗಳನ್ನು ಹೊತ್ತ ಡಿಎನ್‌ಎ ಎಳೆ) ಒಂದೇ ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆಯುತ್ತಿದ್ದ ನನ್ನನ್ನು ಕಂಡು, ಎದುರು ಕುಳಿತಿದ್ದ ಹಿರಿಯರೊಬ್ಬರು ಚೀಲದಿಂದ ಕೆಂಪು, ನೀಲಿ ನೂಲು ತೆಗೆದರು. (ನೂಲು ಅಲ್ಲೇಕಿತ್ತೋ, ಕೇಳಲಿಲ್ಲ.) ಕೆಂಪು ತಾಯಿಯಿಂದ, ನೀಲಿ ತಂದೆಯಿಂದ ಬಂದದ್ದು, ಜೀನ್‌ಗಳ ಕ್ರಮ ಒಂದೇ ಆದರೂ ಅವುಗಳ ರೂಪ ಬೇರೆಯಾಗಿರಬಹುದಾದ ಇವು ಸಮರೂಪಿಗಳು ಎಂದರು. ಬಳಿಕ ಕೆಂಪಿನ ಪಕ್ಕ ಅಷ್ಟೇ ಉದ್ದದ ಇನ್ನೊಂದು ಕೆಂಪೆಳೆಯಿಟ್ಟು ಗಂಟು ಹಾಕಿ, ಡಿಎನ್‌ಎ ನಕಲಾದಾಗ ಹುಟ್ಟುವ ಈ ಜೋಡಿಯೇ ಸೋದರಿಯರು, ಗಂಟೇ ಸೆಂಟ್ರೋಮಿಯರ್ ಎಂದು ತೋರಿಸಿ, ನೀಲಿಗೂ ಹಾಗೆಯೇ ಮಾಡಿದರು. ಅಂಡಾಣು, ವೀರ್ಯಾಣುಗಳನ್ನು ರೂಪಿಸುವ ಕೋಶವಿಭಜನೆಯಾದ ಮಿಯಾಸಿಸ್‌ನ ಮೊದಲ ವಿಭಜನೆಯಲ್ಲಿ ಕೆಂಪು ನೀಲಿಯಿಂದ ಅಗಲುತ್ತದೆ, ಎರಡನೆಯದರಲ್ಲಿಯೂ, ದೇಹದ ಸಾಮಾನ್ಯ ಕೋಶವಿಭಜನೆಯಾದ ಮೈಟಾಸಿಸ್‌ನಲ್ಲಿಯೂ ಗಂಟು ಬಿಚ್ಚುತ್ತದೆ ಎನ್ನುತ್ತ ಕೆಂಪು ಗಂಟನ್ನು ನನ್ನ ಕೈಯಿಂದಲೇ ಬಿಚ್ಚಿಸಿದಾಗ ಮನಸ್ಸು ಹಗುರವಾಯಿತು. ಆ ಹಿರಿಯರೇ, ಹೆಸರು ಕೇಳುವಷ್ಟರಲ್ಲಿ ತಾವು ಎದ್ದು ಹೊರಟಿದ್ದಿರಿ. ನೀಲಿ ಗಂಟು ಇನ್ನೂ ನನ್ನ ಪುಸ್ತಕದಲ್ಲಿದೆ. ಧನ್ಯವಾದಗಳು.