ಎನಿಗ್ಮಾ: ಎಲ್ಲಿ ನೋಡಬೇಕು, ಏನು ನೋಡಬೇಕು

ಮಾನ್ಯ ಸಂಪಾದಕರೆ,

ಲಂಡನ್‌ನಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋಗಿಬರುವ ಹಿರಿಯರು ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಸಾಕಷ್ಟಿದ್ದಾರೆ. ಅವರು ಒಂದು ದಿನ ಬಿಡುವು ಮಾಡಿಕೊಂಡು ಬ್ಲೆಚ್ಲಿ ಪಾರ್ಕಿಗೆ ಹೋಗಲೇಬೇಕು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆಯ ಗುಪ್ತ ಸಂದೇಶಗಳನ್ನು ಬಿಡಿಸಿದ್ದು ಅಲ್ಲಿ. ಜರ್ಮನ್ನರು ಸಂದೇಶಗಳನ್ನು ಗುಪ್ತಲಿಪಿಗೆ ಬದಲಿಸಲು ಬಳಸಿದ ಯಂತ್ರವೇ ಎನಿಗ್ಮಾ; ಅದರೊಳಗಿನ ತಿರುಗುವ ಚಕ್ರಗಳು ಒತ್ತಿದ ಅಕ್ಷರವನ್ನು ಇನ್ನೊಂದು ಅಕ್ಷರವಾಗಿಸುತ್ತವೆ. ಯೂಸ್ಟನ್ ನಿಲ್ದಾಣದಿಂದ ರೈಲು ಹಿಡಿದರೆ ಒಂದು ಗಂಟೆಯೊಳಗೆ ಬ್ಲೆಚ್ಲಿ; ಇಳಿದ ಮೇಲೆ ನಡೆದೇ ಹೋಗುವಷ್ಟು ದೂರ.

ಆದರೆ ಹೋದವರಲ್ಲಿ ಹಲವರು ಅರ್ಧವನ್ನೇ ನೋಡಿ ಬರುತ್ತಾರೆ. ಪಕ್ಕದ ಎಚ್ ಬ್ಲಾಕ್‌ನಲ್ಲಿ ರಾಷ್ಟ್ರೀಯ ಕಂಪ್ಯೂಟಿಂಗ್ ಮ್ಯೂಸಿಯಂ ಇದೆ. ಅದರ ಟಿಕೆಟ್ ಬೇರೆ, ಬಾಗಿಲು ತೆರೆಯುವ ದಿನಗಳೂ ಬೇರೆ. ಎರಡೂ ತೆರೆದಿರುವ ದಿನವನ್ನು ಮೊದಲೇ ನೋಡಿಕೊಂಡು ಹೊರಡಿ. ಪುನರ್ನಿರ್ಮಿಸಿದ ಬಾಂಬ್ (ಸಿಡಿಯುವ ಬಾಂಬಲ್ಲ, ಎನಿಗ್ಮಾದ ಜೋಡಣೆಯನ್ನು ಹುಡುಕುವ ಯಂತ್ರ) ಮತ್ತು ಕೊಲೊಸಸ್ ಎಂಬ ಎಲೆಕ್ಟ್ರಾನಿಕ್ ಯಂತ್ರ ಇರುವುದು ಇಲ್ಲೇ. ಬಾಂಬ್‌ನ ಮುಖದ ಮೇಲಿನ 108 ಡ್ರಮ್ಮುಗಳೆಂದರೆ, ಮೂರಕ್ಕೊಂದರಂತೆ, 36 ಎನಿಗ್ಮಾಗಳು ಒಟ್ಟಿಗೆ ತಿರುಗಿದಂತೆ. ಡ್ರಮ್ಮಿನ ಬಣ್ಣದಿಂದ ಅದು ಯಾವ ಚಕ್ರದ ಬದಲಿ ಎಂದು ತಿಳಿಯುತ್ತದೆ. ಕೊಲೊಸಸ್ ಬಿಡಿಸಿದ್ದು ಎನಿಗ್ಮಾವನ್ನಲ್ಲ, 12 ಚಕ್ರಗಳ ಲೊರೆಂಜ್ ಎಂಬ ಇನ್ನೊಂದು ಜರ್ಮನ್ ಗುಪ್ತಲಿಪಿ ಯಂತ್ರದ ಸಂದೇಶಗಳನ್ನು. ಸಾವಿರಾರು ವಾಲ್ವುಗಳಿರುವ (ಹಳೆಯ ರೇಡಿಯೊಗಳಲ್ಲಿದ್ದಂಥ ಗಾಜಿನ ಕೊಳವೆಗಳು) ಯಂತ್ರ ನಡೆಯುವುದೇ ಇಲ್ಲ ಎಂದವರಿಗೆ, ಕೊಲೊಸಸ್ ರೂಪಿಸಿದ ಎಂಜಿನಿಯರ್ ಟಾಮಿ ಫ್ಲವರ್ಸ್ ಕೊಟ್ಟ ಉತ್ತರ ಸರಳ: ವಾಲ್ವು ಕೆಡುವುದು ಹೆಚ್ಚಾಗಿ ಆನ್-ಆಫ್ ಮಾಡುವಾಗ, ಆರಿಸದೇ ಇದ್ದರಾಯಿತು.

ಅಮೆರಿಕದಲ್ಲಿರುವವರಿಗೆ ಮೇರಿಲ್ಯಾಂಡ್‌ನ ಫೋರ್ಟ್ ಮೀಡ್ ಬಳಿ ರಾಷ್ಟ್ರೀಯ ಕ್ರಿಪ್ಟೊಲಾಜಿಕ್ ಮ್ಯೂಸಿಯಂ ಇದೆ, ಪ್ರವೇಶ ಉಚಿತ. ಅಮೆರಿಕದ ನೌಕಾಪಡೆ ಬಳಸಿದ ಮೂಲ ಬಾಂಬ್ ಅಲ್ಲಿದೆ. ಜರ್ಮನಿಯಲ್ಲಾದರೆ ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂ, ಪಾಡರ್‌ಬೋರ್ನ್‌ನ ಹೈಂಜ್ ನಿಕ್ಸ್‌ಡಾರ್ಫ್ ಮ್ಯೂಸಿಯಂ.

ಎನಿಗ್ಮಾ ಎದುರು ನಿಂತಾಗ ಮೊದಲು ಚಕ್ರಗಳನ್ನು ಎಣಿಸಿ. ಮೂರಿದ್ದು, ಅವುಗಳ ಮೇಲೆ 01ರಿಂದ 26ರವರೆಗೆ ಅಂಕಿಗಳಿದ್ದರೆ ಸಾಮಾನ್ಯವಾಗಿ ಭೂಸೇನೆಯದೋ ವಾಯುಪಡೆಯದೋ. ನಾಲ್ಕಿದ್ದು ಅಕ್ಷರಗಳಿದ್ದರೆ 1942ರಿಂದ ಜಲಾಂತರ್ಗಾಮಿಗಳು ಬಳಸಿದ ಎಂ4. ಆಮೇಲೆ ಮುಂಭಾಗದಲ್ಲಿ, ತಂತಿ ಸಿಕ್ಕಿಸಿ ಅಕ್ಷರಗಳನ್ನು ಜೋಡಿಯಾಗಿ ಅದಲುಬದಲು ಮಾಡುವ ಪ್ಲಗ್‌ಬೋರ್ಡ್ ನೋಡಿ. ಕೀಲಿ ಒತ್ತಿದರೆ ವಿದ್ಯುತ್ತು ಪ್ಲಗ್‌ಬೋರ್ಡ್ ಮತ್ತು ಚಕ್ರಗಳನ್ನು ದಾಟಿ, ತುದಿಯ ಪ್ರತಿಫಲಕದಲ್ಲಿ ತಿರುಗಿ, ಬೇರೆ ತಂತಿಗಳಲ್ಲಿ ವಾಪಸ್ ಬಂದು ದೀಪ ಹತ್ತಿಸುತ್ತದೆ. ಹೋದ ದಾರಿಯಲ್ಲೇ ಮರಳಲಾರದು. ಆದ್ದರಿಂದ ಎ ಒತ್ತಿದರೆ ಎ ದೀಪ ಎಂದೂ ಹತ್ತದು. ಯಂತ್ರದ ದೊಡ್ಡ ದೌರ್ಬಲ್ಯ ಇದೇ. ಹವಾಮಾನ ವರದಿಯ ಒಂದು ಪದ ಸಂದೇಶದಲ್ಲಿದೆ ಎಂದು ಊಹಿಸಿ ಗುಪ್ತಲಿಪಿಯ ಕೆಳಗೆ ಸರಿಸುತ್ತಾ ಹೋದರೆ, ಎಲ್ಲಿ ಅದೇ ಅಕ್ಷರ ಮೇಲೆ-ಕೆಳಗೆ ಕೂಡಿತೋ ಆ ಜಾಗ ಖಂಡಿತ ಅಲ್ಲ.

ಇದನ್ನು ತಿಳಿಯಲು ನಮ್ಮ ಮಕ್ಕಳು ವಿಮಾನ ಹತ್ತಬೇಕಿಲ್ಲ. ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರದಲ್ಲಿ ಆರು ಅಕ್ಷರಗಳ ಮಾದರಿಯೊಂದನ್ನು ಇಡಬೇಕೆಂದು ನಮ್ಮ ಮನವಿ. ಐಟಿಐ ವಿದ್ಯಾರ್ಥಿಗಳೇ ಮಾಡಬಲ್ಲರು. ಆರು ಕೀಲಿ, ಆರು ದೀಪ, ಎರಡೂ ಬದಿಗೆ ಆರಾರು ಕಾಂಟ್ಯಾಕ್ಟ್ ಇರುವ ಮೂರು ಮರದ ಚಕ್ರ, ಅಕ್ಷರಗಳನ್ನು ಮೂರು ಜೋಡಿಯಾಗಿ ಸೇರಿಸುವ ಪ್ರತಿಫಲಕ, ಒಂದು ಬ್ಯಾಟರಿ ಸಾಕು. ಕಾಲಿಂಗ್ ಬೆಲ್ಲಿನ ಸಾದಾ ಬಟನ್ ಮಾತ್ರ ಬೇಡ. ಅದನ್ನು ಹಾಕಿದರೆ ಬ್ಯಾಟರಿ ನೇರವಾಗಿ ಒತ್ತಿದ ಅಕ್ಷರದ ದೀಪಕ್ಕೇ ಸೇರಿ ಅದೂ ಹತ್ತಿಬಿಡುತ್ತದೆ. ಬಿಟ್ಟಾಗ ದೀಪಕ್ಕೆ, ಒತ್ತಿದಾಗ ಬ್ಯಾಟರಿಗೆ ಜೋಡಿಸುವ ಸ್ಪ್ರಿಂಗಿನ ಟೂ-ವೇ ಸ್ವಿಚ್ ಬೇಕು. ಚಕ್ರದ ಒಂದು ಬದಿಗೆ ಸ್ಪ್ರಿಂಗ್ ಪಿನ್ನು, ಇನ್ನೊಂದಕ್ಕೆ ಚಪ್ಪಟೆ ಹಿತ್ತಾಳೆ ಬಿಲ್ಲೆ ಇರಲಿ. ಎರಡೂ ಬದಿಗೆ ಬಿಲ್ಲೆ ಹಾಕಿದರೆ ಮರ ಸ್ವಲ್ಪ ಸೊಟ್ಟಗಾದರೂ ಸಂಪರ್ಕ ತಪ್ಪುತ್ತದೆ. ಒಳಗಿನ ತಂತಿ ಕಾಣುವಂತೆ ಒಂದು ಪಕ್ಕಕ್ಕೆ ಅಕ್ರಿಲಿಕ್ ಹಾಳೆ ಹಾಕಬೇಕು.

— ಗಣಿತ, ಎಲೆಕ್ಟ್ರಾನಿಕ್ಸ್ ಕಲಿಸುವ ಕೆಲವು ಶಿಕ್ಷಕರು, ಧಾರವಾಡ