ಕೊಂಬಿನ ಕುದುರೆ ಸತ್ತಿತೋ, ಬದುಕಿತೋ?

ನ್ಯೂಯಾರ್ಕ್

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನಾನು ಕಳಿಸಿದ ಫೋಟೋಗಳನ್ನು ನೋಡಿ ಪುಟ್ಟಿ ಫೋನಿನಲ್ಲಿ ಕೇಳಿದಳಲ್ಲ, “ಆರನೇ ಚಿತ್ರದಲ್ಲಿ ಕುದುರೆ ಸತ್ತುಹೋಗಿದೆ, ಏಳನೇದರಲ್ಲಿ ಆರಾಮಾಗಿ ಕೂತಿದೆ, ಅದು ಹೇಗೆ ಮಾಮ?” ಅಂತ. ಆವತ್ತು ಏನೋ ಹೇಳಿ ಮಾತು ತೇಲಿಸಿದೆ. ಅವಳು ಅಷ್ಟಕ್ಕೆಲ್ಲ ಬಿಡುವವಳಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನೀನು ಓದಿಕೊಂಡು ಅವಳಿಗೆ ಎಷ್ಟು ಬೇಕೋ ಅಷ್ಟು ಹೇಳು.

ಮ್ಯಾನ್‌ಹಟನ್‌ನ ಉತ್ತರ ತುದಿಯಲ್ಲಿ, ಹಡ್ಸನ್ ನದಿಯ ಮೇಲಿನ ಗುಡ್ಡದಲ್ಲಿ ಕ್ಲಾಯ್ಸ್ಟರ್ಸ್ ಅಂತ ಒಂದು ಮ್ಯೂಸಿಯಂ ಇದೆ. ಯೂರೋಪಿನ ಹಳೇ ಮಠಗಳ ಕಂಬ, ಕಮಾನುಗಳನ್ನು ಹಡಗಿನಲ್ಲಿ ತಂದು ಇಲ್ಲಿ ಜೋಡಿಸಿದ್ದಾರೆ. ಒಳಗೆ ಒಂದು ಮಬ್ಬು ಬೆಳಕಿನ ಕೋಣೆ. ಅದರ ಗೋಡೆಗಳ ತುಂಬ ನೇಯ್ದ ಪರದೆಗಳು, ಟ್ಯಾಪೆಸ್ಟ್ರಿ ಅಂತಾರಲ್ಲ, ಅವು. ಒಟ್ಟು ಏಳು. ಯೂನಿಕಾರ್ನ್, ಅಂದರೆ ಹಣೆಯಲ್ಲಿ ಒಂದೇ ಕೊಂಬಿರುವ ಕಲ್ಪನೆಯ ಬಿಳಿ ಕುದುರೆ, ಅದರ ಬೇಟೆಯ ಕಥೆ. 1495ರಿಂದ 1505ರ ಸುಮಾರಿಗೆ, ಈಗಿನ ಬೆಲ್ಜಿಯಂ ಇರುವ ಕಡೆ ನೇಯ್ದದ್ದು. ಉಣ್ಣೆ, ರೇಷ್ಮೆ, ನಡುನಡುವೆ ಬೆಳ್ಳಿ ಮತ್ತು ಚಿನ್ನದ ಲೇಪದ ಎಳೆ. ಫೋಟೋದಲ್ಲಿ ಅಳತೆ ಗೊತ್ತಾಗಲ್ಲ. ಪುಟ್ಟಿಗೆ ಇಷ್ಟವಾದ ಆ ಕೊನೆಯ ಪರದೆಯೇ ಸುಮಾರು ಮೂರೂಮುಕ್ಕಾಲು ಮೀಟರ್ ಎತ್ತರ, ಎರಡೂವರೆ ಮೀಟರ್ ಅಗಲ. ಎದುರು ನಿಂತರೆ ಆ ಬಿಳಿ ಪ್ರಾಣಿಯನ್ನು ಕತ್ತೆತ್ತಿ ನೋಡಬೇಕು.

ಕಥೆ ಹೇಳುವುದು ಸುಲಭ. ಬೇಟೆಗಾರರು ನಾಯಿಗಳನ್ನು ಕಟ್ಟಿಕೊಂಡು ಕಾಡಿಗೆ ಬರುತ್ತಾರೆ. ಕಾರಂಜಿಯಿಂದ ಹರಿಯುವ ನೀರಿನ ಹತ್ತಿರ ಯೂನಿಕಾರ್ನ್ ಮಂಡಿಯೂರಿ ಕೊಂಬನ್ನು ನೀರಿಗೆ ಅದ್ದಿದೆ. ಹಾವು ಬಿಟ್ಟ ವಿಷ ಕೊಂಬು ತಗುಲಿದರೆ ಹೋಗುತ್ತದೆ ಅನ್ನೋ ನಂಬಿಕೆ. ಸಿಂಹ, ಜಿಂಕೆ, ಮೊಲ ಎಲ್ಲ ಪಕ್ಕದಲ್ಲೇ ಇವೆ. ಹಿಂದೆ ಹನ್ನೆರಡು ಜನ ಬೇಟೆಗಾರರು ಸುಮ್ನೆ ನಿಂತು ಹರಟುತ್ತಿದ್ದಾರೆ, ಈಟಿ ಎತ್ತಿಲ್ಲ. ಆಮೇಲೆ ಅದು ಹೊಳೆ ದಾಟುತ್ತದೆ, ತಿರುಗಿ ಬಿದ್ದು ಒಂದು ನಾಯಿಯ ಹೊಟ್ಟೆಯನ್ನೇ ಸೀಳುತ್ತದೆ. ಬಲದಿಂದ ಆಗಲ್ಲ ಅಂತಾದಾಗ ಒಬ್ಬ ಕನ್ಯೆಯನ್ನು ಮುಂದೆ ಬಿಡುತ್ತಾರೆ. ಅವಳ ಹತ್ತಿರ ಅದು ಸಾಧುವಾಗುತ್ತದೆ. ಆರನೆಯದರಲ್ಲಿ ಈಟಿಗಳು ತಿವಿಯುತ್ತವೆ, ಹೆಣವನ್ನು ಕುದುರೆಯ ಬೆನ್ನಿಗೆ ಹೇರಿ ಕೋಟೆಗೆ ತರುತ್ತಾರೆ. ಏಳನೆಯದರಲ್ಲಿ ಹೂವಿನ ನಡುವೆ, ದುಂಡನೆಯ ಬೇಲಿಯೊಳಗೆ ಅದು ಜೀವಂತ ಕೂತಿದೆ.

ಇದರಲ್ಲಿ ನನ್ನನ್ನು ತುಂಬಾ ಹೊತ್ತು ಹಿಡಿದು ನಿಲ್ಲಿಸಿದ್ದು ಐದನೆಯದು. ಅದು ಪೂರ್ತಿ ಉಳಿದಿಲ್ಲ, ಎರಡು ತುಂಡು ಮಾತ್ರ ಸಿಕ್ಕಿವೆ. ಒಂದು ತುಂಡಿನಲ್ಲಿ ಯೂನಿಕಾರ್ನ್ ಸೋತ ಕಣ್ಣಿನಿಂದ ಯಾರನ್ನೋ ನೋಡುತ್ತಿದೆ. ಪಕ್ಕದಲ್ಲಿ ಒಬ್ಬ ಹೆಂಗಸು ನಿಂತಿದ್ದಾಳೆ. ಅವಳು ಕನ್ಯೆಯಲ್ಲ, ಅವಳ ಸಖಿ ಇರಬೇಕು. ಓರೆಗಣ್ಣಿನಲ್ಲಿ ಬೇಟೆಗಾರನ ಕಡೆಗೆ ಸನ್ನೆ ಮಾಡುವ ಹಾಗಿದ್ದಾಳೆ. ಹಾಗಾದರೆ ಕನ್ಯೆ ಎಲ್ಲಿ? ಯೂನಿಕಾರ್ನಿನ ಕುತ್ತಿಗೆಯ ಕೂದಲಿನ ಹತ್ತಿರ ಸರಿಯಾಗಿ ನೋಡಿದರೆ ಒಂದು ತೋಳಿನ ಅಂಚು, ಕೆಲವು ಬೆರಳು ಕಾಣುತ್ತವೆ. ಅಷ್ಟೇ. ಇಡೀ ಕಥೆ ತಿರುಗುವುದೇ ಅವಳಿಂದ, ಅವಳ ಮುಖವೇ ಇಲ್ಲ! ಅವಳು ಗೊತ್ತಿದ್ದೇ ಮೋಸ ಮಾಡಿದಳಾ, ಅಥವಾ ಅವಳನ್ನೂ ಬಳಸಿಕೊಂಡರಾ? ಮುಖ ಇದ್ದಿದ್ದರೆ ಒಂದು ಸುಳಿವು ಸಿಗುತ್ತಿತ್ತು. ಈ ಪರದೆಗಳು ಫ್ರಾನ್ಸಿನ ಲಾ ರೋಶ್‌ಫುಕೋ ಮನೆತನದ್ದು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಜನ ಹೊತ್ತುಕೊಂಡು ಹೋದರು. ಚಳಿಗೆ ಆಲೂಗಡ್ಡೆ ಹಾಳಾಗದಿರಲಿ ಅಂತ ಹೊದಿಸಿದ್ದರಂತೆ. ಮತ್ತೆ ಮನೆತನದ ಕೈಸೇರಿದ್ದು 1850ರ ದಶಕದಲ್ಲಿ. ಆಲೂಗಡ್ಡೆ ಮುಚ್ಚಿದವರ ಮೇಲೆ ನನಗೇನೂ ಸಿಟ್ಟಿಲ್ಲ, ಅವರ ಹಸಿವು ಅವರಿಗೆ. ಆದರೂ ಆ ಮುಖವೊಂದನ್ನು ಉಳಿಸಿಕೊಳ್ಳಬಹುದಿತ್ತು ಅಲ್ವಾ?

ಈಗ ಪುಟ್ಟಿಯ ಪ್ರಶ್ನೆ. ಇದಕ್ಕೆ ಮುಖ್ಯವಾಗಿ ಮೂರು ಉತ್ತರ ಇವೆ.

ಒಂದು, ಯೂನಿಕಾರ್ನ್ ಅಂದರೆ ಯೇಸು. ಕ್ರೈಸ್ತ ಧರ್ಮದ ಆರಂಭದ ಶತಮಾನಗಳಲ್ಲೇ ಗ್ರೀಕ್ ಭಾಷೆಯ ಒಂದು ಪ್ರಾಣಿಗಳ ಪುಸ್ತಕ ಇದನ್ನು ಹೇಳಿಬಿಟ್ಟಿತ್ತು. ಯಾವ ಬೇಟೆಗಾರನಿಗೂ ಸಿಗದ ಪ್ರಾಣಿ ಕನ್ಯೆಯ ಮಡಿಲಿಗೆ ತಾನೇ ಬರುತ್ತದೆ, ಹಾಗೆಯೇ ದೇವರು ಮೇರಿಯ ಗರ್ಭಕ್ಕೆ ಬಂದ ಅಂತ. ಈ ಕಣ್ಣಿನಿಂದ ನೋಡಿದರೆ ಎಷ್ಟೋ ಗುಟ್ಟು ಬಿಚ್ಚಿಕೊಳ್ಳುತ್ತವೆ. ಹನ್ನೆರಡು ಬೇಟೆಗಾರರು ಹನ್ನೆರಡು ಶಿಷ್ಯರನ್ನು ನೆನಪಿಸುತ್ತಾರೆ. ಕಹಳೆ ಊದುವ ಬೇಟೆಗಾರನ ಕತ್ತಿಯ ಒರೆಯ ಮೇಲೆ ಲ್ಯಾಟಿನ್‌ನಲ್ಲಿ ಸ್ವರ್ಗದ ರಾಣಿಗೆ ವಂದನೆ ಬರೆದಿದೆ. ಅಂದರೆ ಅವನು ಮೇರಿಗೆ ಸುದ್ದಿ ತಂದ ಗೇಬ್ರಿಯಲ್ ದೇವದೂತ ಅಂತ ಓದುತ್ತಾರೆ. ಸತ್ತ ಪ್ರಾಣಿಗೆ ಸುತ್ತಿಕೊಂಡ ಮುಳ್ಳಿನ ರೆಂಬೆಗಳು ಯೇಸುವಿನ ಮುಳ್ಳಿನ ಕಿರೀಟ. ಹಾಗಾಗಿ ಏಳನೆಯದು ಪುನರುತ್ಥಾನ. ಸತ್ತದ್ದು ಎದ್ದು ಬಂತು.

ಎರಡನೇ ಉತ್ತರ, ಅದು ಮದುಮಗ. ಪ್ರೀತಿಗೆ ಸಿಕ್ಕಿಬಿದ್ದ ಗಂಡಸು. ಏಳನೇ ಪರದೆಯನ್ನು ಹತ್ತಿರದಿಂದ ನೋಡಿದಾಗ ನನಗೂ ಇದೇ ಸರಿ ಅನಿಸಿತು. ಮೈಮೇಲೆ ಕೆಂಪು ಹನಿಗಳಿವೆ. ದೂರದಿಂದ ರಕ್ತ ಅನಿಸುತ್ತದೆ, ಹಿಂದಿನ ಪರದೆಯ ಗಾಯ ಇನ್ನೂ ಮಾಗಿಲ್ಲವೇನೋ ಅಂತ. ಮೇಲೆ ನೋಡು. ಮರದಲ್ಲಿ ದಾಳಿಂಬೆ ಬಿರಿದಿದೆ, ರಸ ತೊಟ್ಟಿಕ್ಕುತ್ತಿದೆ. ಬೀಜ ತುಂಬಿದ ದಾಳಿಂಬೆ ಅಂದರೆ ಮಕ್ಕಳ ಭಾಗ್ಯ, ಮದುವೆಯ ಗುರುತು. ಸುತ್ತ ಇರುವ ಗಿಡಗಳಲ್ಲೂ ಕೆಲವು ಗರ್ಭಕ್ಕೆ, ಹೆರಿಗೆಗೆ ಒಳ್ಳೆಯದು ಅಂತ ಆ ಕಾಲದವರು ನಂಬಿದ್ದವು. ಕುತ್ತಿಗೆಗೆ ಪಟ್ಟಿ ಇದೆ, ಸರಪಳಿ ಇದೆ, ಆದರೆ ಸರಪಳಿ ಸಡಿಲ. ಬೇಲಿಯೋ, ಒಂದು ಹಾರು ಹಾರಿದರೆ ಆಚೆ. ನಾಯಿಯನ್ನು ಸೀಳಿದ ಪ್ರಾಣಿಗೆ ಇದು ಯಾವ ಲೆಕ್ಕ? ಹೋಗಬಹುದು, ಹೋಗುತ್ತಿಲ್ಲ. ಮುಖದಲ್ಲಿ ದುಃಖವೂ ಇಲ್ಲ. ಇದನ್ನು ಭಾವನಿಗೆ ಓದಿ ಹೇಳಬೇಡ, ಮದುವೆಯಾದ ಗಂಡಸಿನ ಚಿತ್ರ ಅಂತ ಫ್ರೇಮ್ ಹಾಕಿಸಿಬಿಡುತ್ತಾರೆ.

ಈ ಎರಡೂ ಉತ್ತರ ಒಟ್ಟಿಗೇ ನಿಲ್ಲುತ್ತವೆ ಅನ್ನುವುದೇ ಮಜಾ. ದೇವರೂ ಹೌದು, ನಲ್ಲನೂ ಹೌದು. ವಚನ, ಕೀರ್ತನೆ ಕೇಳಿ ಬೆಳೆದ ನಮಗೆ ಇದೇನು ವಿಚಿತ್ರ ಅನಿಸಲ್ಲ. ಇಲ್ಲಿಯ ಪುಸ್ತಕಗಳಲ್ಲಿ ಮಾತ್ರ ಯಾವುದೋ ಒಂದನ್ನೇ ಆರಿಸಬೇಕು ಅನ್ನೋ ಹಟ ಜಾಸ್ತಿ.

ಮೂರನೇ ಉತ್ತರ ಪುಟ್ಟಿಗೆ ಇಷ್ಟವಾಗಲಿಕ್ಕಿಲ್ಲ. ಕೆಲವು ವಿದ್ವಾಂಸರ ಪ್ರಕಾರ ಏಳೂ ಒಂದೇ ಕಥೆಯ ಕಂತುಗಳೇ ಅಲ್ಲ. ಮೊದಲನೆಯದಕ್ಕೂ ಕೊನೆಯದಕ್ಕೂ ಹಿನ್ನೆಲೆ ತುಂಬ ಹೂವು, ಆಕಾಶವಿಲ್ಲ, ದೂರದ ಬೆಟ್ಟವಿಲ್ಲ. ನಡುವಿನವುಗಳಲ್ಲಿ ಕಾಡು, ಹೊಳೆ, ಕೋಟೆ ಎಲ್ಲ ಇವೆ. ಚೂರುಚೂರಾದ ಐದನೆಯದರ ರೀತಿಯೇ ಬೇರೆ. ಬೇರೆ ಬೇರೆ ಗುಂಪಿಗೆ ಸೇರಿದವು ಯಾವಾಗಲೋ ಒಂದು ಮನೆಯಲ್ಲಿ ಸೇರಿರಬಹುದು. ಹಾಗಿದ್ದರೆ ಆರನೆಯದರಲ್ಲಿ ಸತ್ತದ್ದು ಏಳನೆಯದರಲ್ಲಿ ಎದ್ದೇ ಇಲ್ಲ. ಅದು ಬೇರೆ ಯೂನಿಕಾರ್ನ್, ಬೇರೆ ಕಥೆ. ಒಂದೇ ಕೋಣೆಯಲ್ಲಿ ತೂಗುಹಾಕಿದ್ದಕ್ಕೆ ನಮ್ಮ ಕಣ್ಣು ಎರಡನ್ನೂ ಸೇರಿಸಿ ಹೊಲಿಯಿತು.

ನನಗೆ ಕೇಳಿದರೆ ಈ ಮೂರನೆಯದೇ ನಿಜ ಇರಬಹುದು. ಆದರೂ ಆ ಕೋಣೆಯಲ್ಲಿ ನಿಂತವರು ಯಾರೂ ಹಾಗೆ ನೋಡಲ್ಲ. ಹೆಣ ನೋಡಿ ತಿರುಗಿದ ಕೂಡಲೇ ಬೇಲಿಯೊಳಗಿನದು ಕಾಣುತ್ತದೆ. ಆಗ “ಅಬ್ಬ, ಬದುಕಿದೆ” ಅನಿಸುವುದನ್ನು ತಡೆಯೋಕೆ ಆಗಲ್ಲ. ಪುಟ್ಟಿಗೂ ಫೋನಿನ ಪರದೆಯ ಮೇಲೆ ಅದೇ ಆಯಿತು.

ಯಾರಿಗಾಗಿ ನೇಯ್ದರು ಅನ್ನುವುದಕ್ಕೂ ಉತ್ತರ ಇಲ್ಲ. ಅಲ್ಲಲ್ಲಿ ಎರಡು ಇಂಗ್ಲಿಷ್ ಅಕ್ಷರ ಇವೆ, ‘ಎ’ (A) ಮತ್ತು ‘ಇ’ (E). ‘ಇ’ ಹಿಂದುಮುಂದಾಗಿದೆ. ಎರಡನ್ನೂ ಒಂದು ಹಗ್ಗ ಗಂಟು ಹಾಕಿ ಹಿಡಿದಿದೆ. ಕಾರಂಜಿಯ ಮೇಲಿದೆ, ಮರಕ್ಕೆ ತೂಗುಬಿದ್ದಿದೆ. ಗಂಡಹೆಂಡಿರ ಹೆಸರಿನ ಮೊದಲಕ್ಷರವೋ? ಫ್ರಾನ್ಸಿನ ರಾಣಿ ಆ್ಯನ್ (Anne) ಹೆಸರಿನ ಮೊದಲ ಮತ್ತು ಕೊನೆಯ ಅಕ್ಷರವೋ? ಅವಳು 1499ರಲ್ಲಿ ಹನ್ನೆರಡನೇ ಲೂಯಿಯನ್ನು ಮದುವೆಯಾದಳು, ಆ ಮದುವೆಗೇ ಮಾಡಿಸಿದ್ದು ಅಂತ ಒಂದು ಕಾಲಕ್ಕೆ ಗಟ್ಟಿಯಾಗಿ ಹೇಳುತ್ತಿದ್ದರು. ಈಗ ಅದನ್ನು ಅಷ್ಟಾಗಿ ಒಪ್ಪುವುದಿಲ್ಲ. ಕಾಗದದ ಮೇಲೆ ಈ ಪರದೆಗಳ ಹೆಸರು ಮೊದಲು ಸಿಗುವುದು 1680ರಲ್ಲಿ, ಪ್ಯಾರಿಸ್ಸಿನ ಒಂದು ಆಸ್ತಿ ಪಟ್ಟಿಯಲ್ಲಿ. ಅದಕ್ಕೂ ಹಿಂದಿನ ಸುಮಾರು ನೂರೆಂಬತ್ತು ವರ್ಷ ಕತ್ತಲೆ. ಈಚಿನದು ಗೊತ್ತಿದೆ. ಅಮೆರಿಕದ ಸಿರಿವಂತ ರಾಕ್‌ಫೆಲರ್ 1922ರಲ್ಲಿ ಕೊಂಡರು, 1937ರಲ್ಲಿ ಮ್ಯೂಸಿಯಂಗೆ ಕೊಟ್ಟರು.

ಅಕ್ಕಾ, ನಿನಗೆ ಹೇಳಲೇಬೇಕಾದದ್ದು ಇನ್ನೊಂದಿದೆ. ಈ ಪ್ರಾಣಿ ಮೂಲತಃ ನಮ್ಮ ಕಡೆಯದು ಅಂತ ಗ್ರೀಕರೇ ಬರೆದಿಟ್ಟಿದ್ದಾರೆ. ಕ್ರಿಸ್ತಪೂರ್ವ 400ರ ಆಸುಪಾಸಿನಲ್ಲಿ ಪರ್ಷಿಯಾದ ಅರಮನೆಯಲ್ಲಿ ವೈದ್ಯನಾಗಿದ್ದ ಕ್ಟೀಸಿಯಸ್ ಎಂಬ ಗ್ರೀಕ್, ಭಾರತದಲ್ಲಿ ಒಂಟಿ ಕೊಂಬಿನ ಕಾಡುಕತ್ತೆಗಳಿವೆ, ಆ ಕೊಂಬಿನ ಬಟ್ಟಲಲ್ಲಿ ಕುಡಿದವರಿಗೆ ವಿಷ ತಾಗಲ್ಲ ಅಂತ ಬರೆದ. ಅವನು ಭಾರತಕ್ಕೆ ಬಂದವನೇ ಅಲ್ಲ. ಯಾರೋ ಘೇಂಡಾಮೃಗದ ಬಗ್ಗೆ ಹೇಳಿದ್ದು ಅವನ ಕಿವಿಗೆ ಹೀಗೆ ಬಿದ್ದಿರಬೇಕು. ಆಮೇಲೆ ಯೂರೋಪಿನ ರಾಜರು ವಿಷದ ಹೆದರಿಕೆಗೆ ಯೂನಿಕಾರ್ನ್ ಕೊಂಬು ಅಂತ ಉದ್ದನೆಯ, ಸುರುಳಿ ಸುತ್ತಿದ ದಂತಗಳನ್ನು ಕೊಳ್ಳತೊಡಗಿದರು. ಅದು ಉತ್ತರದ ಹಿಮದ ಸಮುದ್ರದ ನಾರ್ವಾಲ್ ಎಂಬ ತಿಮಿಂಗಿಲದ ಹಲ್ಲು. ಡೆನ್ಮಾರ್ಕಿನ ಓಲೆ ವರ್ಮ್ 1638ರಲ್ಲಿ ಅದನ್ನು ತೋರಿಸಿಕೊಟ್ಟ. ಪರದೆಯಲ್ಲಿರುವ ಕೊಂಬು ನೋಡು, ಅದೇ ಸುರುಳಿ.

ಕಾಡಿನಲ್ಲಿ ಬೆಳೆದ, ಯಾರಿಗೂ ಸಿಗದ ಕೊಂಬಿನವನು ಹೆಣ್ಣಿಗೆ ಮರುಳಾಗಿ ನಾಡಿಗೆ ಬರುವ ಕಥೆ ನಮ್ಮಲ್ಲೂ ಇದೆಯಲ್ಲ? ಋಷ್ಯಶೃಂಗ! ಹೆಣ್ಣನ್ನೇ ಕಾಣದೆ ಬೆಳೆದ ಹುಡುಗ, ಅಂಗದೇಶದಲ್ಲಿ ಬರಗಾಲ, ಲೋಮಪಾದ ರಾಜ ಕಳಿಸಿದ ವೇಶ್ಯೆಯರು, ಇವನು ಕಾಲಿಟ್ಟ ಕೂಡಲೇ ಮಳೆ. ಬೌದ್ಧರ ಕಥೆಗಳಲ್ಲಿ ಅವನು ಏಕಶೃಂಗ, ಒಂದೇ ಕೊಂಬು. ಈ ಎರಡು ಕಥೆಗಳ ಹೋಲಿಕೆಯನ್ನು ಇಲ್ಲಿಯ ವಿದ್ವಾಂಸರೂ ಗಮನಿಸಿದ್ದಾರೆ. ಒಂದರಿಂದ ಇನ್ನೊಂದು ಹುಟ್ಟಿತಾ ಅನ್ನುವುದು ಇತ್ಯರ್ಥವಾಗಿಲ್ಲ. ನನಗೆ ಹಿಡಿಸಿದ್ದು ನೀರು. ಒಬ್ಬನು ಮಳೆ ತರುತ್ತಾನೆ, ಇನ್ನೊಂದು ಹೊಳೆಯ ವಿಷ ಕಳೆಯುತ್ತದೆ. ನಮ್ಮ ಕಥೆಯಲ್ಲಿ ಋಷ್ಯಶೃಂಗನನ್ನು ಯಾರೂ ಕೊಲ್ಲಲ್ಲ. ಶಾಂತೆಯ ಜೊತೆ ಮದುವೆ ಮಾಡಿಸಿ ಅರಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಪುಟ್ಟಿಗೆ ಏಳನೇ ಚಿತ್ರವನ್ನು ಹೀಗೆ ವಿವರಿಸಿ ನೋಡು. ಅವಳಿಗೆ ಆ ಬೇಲಿ ತಟ್ಟನೆ ಅರ್ಥವಾಗಬಹುದು. ಋಷ್ಯಶೃಂಗ ಕಾಡಿಗೆ ಯಾಕೆ ಓಡಿಹೋಗಲಿಲ್ಲ ಅಂತ ಅವಳು ಮರುಪ್ರಶ್ನೆ ಹಾಕಿದರೆ ಅದು ನಿನ್ನ ಪಾಲು.

ಅಮ್ಮನಿಗೆ ಬಣ್ಣದ ವಿಷಯ ಹೇಳು. ಇಡೀ ಕಾಡನ್ನು ಮೂರೇ ಗಿಡದ ಬಣ್ಣದಿಂದ ನೇಯ್ದಿದ್ದಾರೆ. ಹಳದಿಗೆ ವೆಲ್ಡ್, ನೀಲಿಗೆ ವೋಡ್, ಕೆಂಪಿಗೆ ಮ್ಯಾಡರ್ ಎಂಬ ಗಿಡದ ಬೇರು. ಮ್ಯಾಡರ್ ನಮ್ಮ ಮಂಜಿಷ್ಠದ ಜಾತಿಯದೇ. ಹಸಿರು ಬೇಕಾದರೆ ನೀಲಿಯ ಮೇಲೆ ಹಳದಿ. ಹಳದಿ ಬೇಗ ಮಾಸುವುದರಿಂದ ಈಗ ಎಷ್ಟೋ ಎಲೆಗಳು ನೀಲಿಗೆ ತಿರುಗಿವೆ. 1998ರಲ್ಲಿ ಇವುಗಳನ್ನು ಗೋಡೆಯಿಂದ ಇಳಿಸಿ, ಹಿಂದಿನ ಅಸ್ತರಿ ಬಿಚ್ಚಿ ತೊಳೆದರು. ಬೆಳಕು ಬೀಳದ ಹಿಂಬದಿಯಲ್ಲಿ ಬಣ್ಣ ಇನ್ನೂ ಹೊಸದರ ಹಾಗೇ ಇತ್ತಂತೆ. ಆಗ ತುಂಡುತುಂಡಾಗಿ ಫೋಟೋ ತೆಗೆದರು. ಜೋಡಿಸಲು ಹೋದರೆ ಒಂದಕ್ಕೊಂದು ಕೂಡಲೇ ಇಲ್ಲ. ಎಷ್ಟೋ ಕಾಲ ತೂಗಿ ನಿಂತಿದ್ದ ಬಟ್ಟೆಯನ್ನು ಮಲಗಿಸಿದಾಗ ಎಳೆಗಳು ತಮ್ಮಷ್ಟಕ್ಕೆ ಮೆಲ್ಲಗೆ ಸರಿದಾಡಿದ್ದವು. ಕೊನೆಗೆ ಚುಡ್ನೋವ್‌ಸ್ಕಿ ಸಹೋದರರು ಎಂಬ ಗಣಿತಜ್ಞರು ತಾವೇ ಕಟ್ಟಿದ ಸೂಪರ್ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಚಿತ್ರವನ್ನು ಕೂಡಿಸಿದರು.

ರಜೆ ಸಿಕ್ಕರೆ ಪ್ಯಾರಿಸ್ಸಿಗೆ ಹೋಗುವ ಯೋಚನೆ ಇದೆ. ಅಲ್ಲಿಯ ಕ್ಲೂನಿ ಮ್ಯೂಸಿಯಂನಲ್ಲಿ ಇದೇ ಕಾಲದ ಇನ್ನೊಂದು ಆರು ಪರದೆಗಳ ಗುಂಪಿದೆ, ಹೆಂಗಸು ಮತ್ತು ಯೂನಿಕಾರ್ನ್. ಐದು ಪರದೆ ಐದು ಇಂದ್ರಿಯಗಳದ್ದು. ಆರನೆಯದರಲ್ಲಿ ಡೇರೆಯ ಮುಂದೆ ನಿಂತ ಹೆಂಗಸಿನ ಕೈಯಲ್ಲಿ ಒಡವೆ, ಮುಂದೆ ದಾಸಿ ಹಿಡಿದ ಪೆಟ್ಟಿಗೆ. ಒಡವೆ ತೆಗೆದುಕೊಳ್ಳುತ್ತಿದ್ದಾಳೋ, ವಾಪಸ್ ಇಡುತ್ತಿದ್ದಾಳೋ ಅಂತ ಇವತ್ತಿಗೂ ಜಗಳ. ಇಡುತ್ತಿದ್ದಾಳೆ ಅಂತ ನನ್ನ ಅಂದಾಜು, ಕುತ್ತಿಗೆಯಲ್ಲಿ ಏನೂ ಇಲ್ಲವಲ್ಲ. ತೆಗೆದುಕೊಳ್ಳೋಕೂ ಕುತ್ತಿಗೆ ಖಾಲಿ ಇರಬೇಕು ಅಂತ ನಿನ್ನ ತಮ್ಮನ ಹೆಂಡತಿಯ ವಾದ. ಫೋಟೋ ಕಳಿಸುತ್ತೇನೆ, ನೀನೂ ಅಮ್ಮನೂ ನೋಡಿ ಹೇಳಿ. ಒಡವೆ ವಿಷಯದಲ್ಲಿ ನಿಮ್ಮ ಮಾತಿಗೆ ಬೆಲೆ ಜಾಸ್ತಿ.

ಅಮ್ಮನಿಗೆ, ಭಾವನಿಗೆ ನಮಸ್ಕಾರ. ಪುಟ್ಟಿಗೆ ಮುದ್ದು.

ಇತಿ ನಿನ್ನ ತಮ್ಮ